ಮೂಟೆ ಹೊತ್ತು ನಡೆದವರ ಕೆಲಸ ಸೊನ್ನೆಯಾದರೆ ಖರ್ಚಾದ ಶಕ್ತಿ ಹೋಗಿದ್ದೆಲ್ಲಿಗೆ?

ಕೆಂಪುಮಣ್ಣು

ಮಗಳು ಒಂಬತ್ತನೇ ಕ್ಲಾಸು. ಕೆಲಸ ಮತ್ತು ಶಕ್ತಿಯ ಪಾಠ ನಡೆಯುತ್ತಿದೆ. 50 ಕೆಜಿ ಮೂಟೆಯನ್ನು ತಲೆ ಮೇಲೆ ಹೊತ್ತು ಸಮತಟ್ಟು ನೆಲದಲ್ಲಿ 100 ಮೀಟರ್ ನಡೆದರೆ ಮೂಟೆಯ ಮೇಲೆ ಆದ ಕೆಲಸ ಸೊನ್ನೆ ಎಂದು ನೋಟ್ಸಿನಲ್ಲಿದೆ. ಅವಳ ತಾತ ಎಪಿಎಂಸಿಯಲ್ಲಿ ವರ್ಷಗಟ್ಟಲೆ ಹಮಾಲಿ ಮಾಡಿದವರು. "ಸೊನ್ನೆ ಅಂದರೆ ತಾತ ಮಾಡಿದ್ದೆಲ್ಲ ಏನು?" ಅಂತ ಕೇಳುತ್ತಾಳೆ. ಸಿಟ್ಟಿನಿಂದಲೇ ಕೇಳುತ್ತಾಳೆ.

ಸೂತ್ರ ನನಗೆ ಗೊತ್ತು. ಬಲ ಮೇಲಕ್ಕೆ, ನಡಿಗೆ ಅಡ್ಡಕ್ಕೆ, ಅದಕ್ಕೇ ಸೊನ್ನೆ. ಆದರೆ ಬೆವರು ಸುರಿಸಿ ಖರ್ಚು ಮಾಡಿದ ಶಕ್ತಿ ಎಲ್ಲೋ ಒಂದು ಕಡೆ ಹೋಗಿರಲೇಬೇಕಲ್ವಾ? ಎಲ್ಲಿಗೆ ಹೋಯಿತು ಅಂತ ಯಾರಾದರೂ ಲೆಕ್ಕ ಸಮೇತ ಹೇಳಿ. ಅವಳಿಗೆ ಓದಿ ಹೇಳುತ್ತೇನೆ.

ಹಾಸನದ_ಮೇಷ್ಟ್ರು

ಮಗಳಿಗೆ ಮೊದಲು ಶಹಬ್ಬಾಸ್ ಹೇಳಿ. ಈ ಪಾಠದಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾಳೆ.

ಮೊದಲು ಮೂಟೆಯ ಕಡೆಯಿಂದ ನೋಡೋಣ. ನೆಲದ ಮೇಲಿದ್ದ 50 ಕೆಜಿ ಮೂಟೆಯನ್ನು ಒಂದೂವರೆ ಮೀಟರ್ ಮೇಲೆತ್ತಿ ತಲೆ ಮೇಲೆ ಇಟ್ಟರು ಅಂದುಕೊಳ್ಳಿ. ಮೇಲಕ್ಕೆ ಕೊಟ್ಟ ಬಲ 50 × 9.8, ಅಂದರೆ 490 ನ್ಯೂಟನ್. ಮೂಟೆ ಸಾಗಿದ್ದೂ ಮೇಲಕ್ಕೇ. ಹಾಗಾಗಿ ಕೆಲಸ 490 × 1.5 = 735 ಜೂಲ್. ಇಷ್ಟು ಶಕ್ತಿ ತಾತನ ಮೈಯಿಂದ ಹೊರಟು ಮೂಟೆಗೆ ಸೇರಿತು. ಸೇರಿದೆ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಮೂಟೆಯನ್ನು ತಲೆಯಿಂದ ಬಿಟ್ಟು ನೋಡಿ. ಧಡ್ ಅಂತ ಬಿದ್ದು, ಧೂಳೆಬ್ಬಿಸಿ, ನೆಲ ಅದುರಿಸುತ್ತದೆ. ಆ 735 ಜೂಲ್ ಹೊರಬಂದ ಸದ್ದು ಅದು.

ಈಗ ನಡಿಗೆ. ನಿಂತ ಮೂಟೆಯನ್ನು ನಡಿಗೆಯ ವೇಗಕ್ಕೆ ತರಲು ಸ್ವಲ್ಪ ಮುಂದಕ್ಕೆ ನೂಕಬೇಕು. ಸೆಕೆಂಡಿಗೆ 1.2 ಮೀಟರ್ ವೇಗ ಅಂದರೆ ಚಲನ ಶಕ್ತಿ ½ × 50 × 1.2 × 1.2 = 36 ಜೂಲ್. ಕೊನೆಗೆ ನಿಲ್ಲುವಾಗ ಅಷ್ಟನ್ನೂ ಮೂಟೆಯಿಂದ ವಾಪಸ್ ಕಿತ್ತುಕೊಳ್ಳುತ್ತಾರೆ. ಮಧ್ಯದಲ್ಲಿ 100 ಮೀಟರ್ ಉದ್ದಕ್ಕೂ ಮೂಟೆಯ ಎತ್ತರವೂ ಅಷ್ಟೇ, ವೇಗವೂ ಅಷ್ಟೇ. ಮೂಟೆಗೆ ಹೊಸದಾಗಿ ಏನೂ ಸೇರಲಿಲ್ಲ.

ಸೊನ್ನೆ ಅನ್ನುವುದು ಮೂಟೆಗೆ ಸೇರಿದ ಶಕ್ತಿಯ ಲೆಕ್ಕ. ತಾತನ ಮೈಯೊಳಗೆ ಖರ್ಚಾದ ಶಕ್ತಿಯ ಲೆಕ್ಕ ಬೇರೆ, ಅದು ಖಂಡಿತ ಸೊನ್ನೆಯಲ್ಲ. ಪರೀಕ್ಷೆಯ ಪ್ರಶ್ನೆ ಮೊದಲನೆಯದನ್ನು ಕೇಳುತ್ತದೆ. ನಿಮ್ಮ ಮಗಳು ಎರಡನೆಯದನ್ನು ಕೇಳುತ್ತಿದ್ದಾಳೆ.

ಬೈಕ್_ಸವಾರಿ

ಗೋಡೆ ನೂಕಿದರೂ ಇದೇ ಲೆಕ್ಕನಾ ಸರ್?

ಹಾಸನದ_ಮೇಷ್ಟ್ರು

ಹೌದು. ಗೋಡೆ ಅಲ್ಲಾಡಲಿಲ್ಲ, ಗೋಡೆಗೆ ಒಂದು ಜೂಲ್ ಕೂಡ ಹೋಗಲಿಲ್ಲ. ನಿಮ್ಮ ತೋಳು ಮಾತ್ರ ಬಿಸಿಯಾಯಿತು. ಯಾಕೆ ಬಿಸಿಯಾಯಿತು ಅನ್ನುವುದನ್ನು ದೇಹದ ಬಗ್ಗೆ ಗೊತ್ತಿರುವವರು ಹೇಳಿದರೆ ಚೆನ್ನ.

ಧಾರವಾಡ_ಫಿಸಿಯೋ

ನಾನು ಹೇಳುತ್ತೇನೆ.

ಮೂಟೆಯನ್ನು ಮೇಜಿನ ಮೇಲೆ ಇಟ್ಟರೆ ಮೇಜೂ 490 ನ್ಯೂಟನ್ ಬಲ ಕೊಡುತ್ತದೆ. ವರ್ಷವಿಡೀ ಕೊಡುತ್ತದೆ, ಏನೂ ಖರ್ಚಿಲ್ಲ. ಮರದ ಕಣಗಳು ಚೂರು ಒತ್ತಿಕೊಂಡು ಹಾಗೇ ನಿಲ್ಲುತ್ತವೆ. ನಮ್ಮ ಸ್ನಾಯುವಿಗೆ ಹಾಗೆ ನಿಲ್ಲಲು ಬರುವುದಿಲ್ಲ.

ಸ್ನಾಯುವಿನ ಒಳಗೆ ಎರಡು ಥರದ ಎಳೆಗಳಿವೆ, ಆಕ್ಟಿನ್ ಮತ್ತು ಮಯೋಸಿನ್. ಮಯೋಸಿನ್ನಿನ ಪುಟ್ಟ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ತೇರಿನ ಹಗ್ಗಕ್ಕೆ ಕೈ ಹಾಕಿದ ಜನರನ್ನು ನೆನೆಸಿಕೊಳ್ಳಿ. ತೇರು ಅಲ್ಲಾಡದೆ ನಿಂತಿದ್ದರೂ ಒಬ್ಬೊಬ್ಬರೂ ಹಿಡಿತ ಬಿಟ್ಟು ಮತ್ತೆ ಜಗ್ಗುತ್ತಲೇ ಇರುತ್ತಾರೆ, ಹಗ್ಗ ಮಾತ್ರ ಬಿಗಿಯಾಗಿರುತ್ತದೆ. ಪ್ರತಿ ಸಲ ಬಿಟ್ಟು ಹಿಡಿಯಲು ಮೈಗೆ ಶಕ್ತಿ ಒದಗಿಸುವ ಎಟಿಪಿ ಅನ್ನುವ ಅಣು ಒಂದೊಂದು ಖರ್ಚಾಗುತ್ತದೆ. ಈ ಎಳೆತ ಶುರು ಮಾಡಲು ಸ್ನಾಯುವಿನ ಒಳಗೆ ಬಿಡುಗಡೆಯಾದ ಕ್ಯಾಲ್ಸಿಯಂ ಅನ್ನು ಅದರ ಜಾಗಕ್ಕೆ ವಾಪಸ್ ತುಂಬಿಸಲು ಇನ್ನಷ್ಟು ಎಟಿಪಿ ಬೇಕು. ಮೂಟೆ ಒಂದು ಕೂದಲೆಳೆಯಷ್ಟೂ ಮೇಲೇರದಿದ್ದರೂ ಸ್ನಾಯುವಿನ ಒಳಗೆ ಸಾವಿರಾರು ಕೋಟಿ ಚಿಕ್ಕ ಎಳೆತ ನಡೆಯುತ್ತಿರುತ್ತದೆ. ಆ ಶಕ್ತಿಯೆಲ್ಲ ಅಲ್ಲೇ ಶಾಖವಾಗುತ್ತದೆ. ರಕ್ತ ಆ ಶಾಖವನ್ನು ಚರ್ಮಕ್ಕೆ ತರುತ್ತದೆ, ಬೆವರು ಅದನ್ನು ಗಾಳಿಗೆ ಬಿಡುತ್ತದೆ.

ಹಾಗಾಗಿ ಮಗಳಿಗೆ ನೇರವಾಗಿ ಹೇಳಬಹುದು: ತಾತ ತಿಂದ ಮುದ್ದೆಯ ಶಕ್ತಿಯಲ್ಲಿ ಒಂದು ಪಾಲು ಮೂಟೆ ಎತ್ತುವಾಗ ಮೂಟೆಗೆ ಹೋಯಿತು. ಹೊತ್ತು ನಡೆಯುವಾಗ ಹೋದದ್ದು ಬಹುಪಾಲು ಮಾರುಕಟ್ಟೆಯ ಗಾಳಿಗೆ, ಶಾಖವಾಗಿ.

ಎತ್ತುವಾಗಲೂ ಪೂರ್ತಿ ಮೂಟೆಗೆ ಸೇರುವುದಿಲ್ಲ. ಸ್ನಾಯುವಿನ ದಕ್ಷತೆ ಒಳ್ಳೆಯ ಹೊತ್ತಿನಲ್ಲೂ ನೂರಕ್ಕೆ 20–25 ಅಷ್ಟೇ. ಮೂಟೆಗೆ 735 ಜೂಲ್ ಸೇರಬೇಕಾದರೆ ಮೈ ಸುಮಾರು 3,000 ಜೂಲ್ ಅಥವಾ ಅದಕ್ಕಿಂತ ಜಾಸ್ತಿ ಖರ್ಚು ಮಾಡುತ್ತದೆ.

ಬೆನ್ನುನೋವಿಗೆ ಈ ಜೂಲ್ ಲೆಕ್ಕ ಹಾಕಲೇಬೇಡಿ. ಬೆನ್ನಿನ ಮಣಿಗಳ ನಡುವಿನ ಡಿಸ್ಕಿಗೆ ತೊಂದರೆ ಕೊಡುವುದು ಬಲ. ಮೂಟೆ ಸಾಗದಿದ್ದರೂ ಬಲ ಬಲವೇ. ಬಗ್ಗಿ ಎತ್ತುವಾಗ ಮೂಟೆ ಸೊಂಟದಿಂದ ದೂರ ಇರುತ್ತದೆ, ಬೆನ್ನಿನ ಸ್ನಾಯು ಬೆನ್ನುಮೂಳೆಗೆ ಕೆಲವೇ ಸೆಂಟಿಮೀಟರ್ ಹತ್ತಿರದಲ್ಲಿ ಎಳೆಯುತ್ತದೆ. ಸನ್ನೆಕೋಲಿನ ಲೆಕ್ಕದಲ್ಲಿ ಸ್ನಾಯು ಮೂಟೆಯ ತೂಕದ ಹಲವು ಪಟ್ಟು ಎಳೆಯಬೇಕಾಗುತ್ತದೆ, ಅಷ್ಟೂ ಡಿಸ್ಕಿನ ಮೇಲೆ ಬೀಳುತ್ತದೆ. ಹಮಾಲರ ಬೆನ್ನು ಹಾಳಾಗುವುದು ಹೀಗೆ. ದಯವಿಟ್ಟು ಮೂಟೆಯನ್ನು ಮೈಗೆ ಹತ್ತಿರ ತಂದುಕೊಂಡು, ಮಂಡಿ ಮಡಚಿ ಎತ್ತಿ. ಇದನ್ನು ದಿನಾ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಕೆಂಪುಮಣ್ಣು

ಡಾಕ್ಟ್ರೇ, ಇದನ್ನು ಓದಿ ಹೇಳಿದಾಗ ಮಾವ ಕೂಡ ಪಕ್ಕದಲ್ಲೇ ಕೂತು ಕೇಳಿದರು. "ಬಲ ಬೇರೆ, ಕೆಲಸ ಬೇರೆ" ಅನ್ನುವುದು ಈಗ ಅವಳಿಗೆ ಸರಿಯಾಗಿ ಹಿಡಿಸಿದೆ. ಧನ್ಯವಾದ.

ಸಾಗರದವಳು

ನಮ್ಮ ಕಡೆ ಹೆಂಗಸರು ಸೊಪ್ಪಿನ ಹೊರೆಯನ್ನು ತಲೆ ಮೇಲೆ ಹೊತ್ತು ಬೆಟ್ಟದಿಂದ ಬರುತ್ತಿದ್ದರು. ಕೈಯಲ್ಲಿ ಹಿಡಿದಿದ್ದಕ್ಕಿಂತ ತಲೆ ಮೇಲೆ ಹೊತ್ತರೆ ಹಗುರ ಅನ್ನುತ್ತಿದ್ದರು. ಇದು ಬರೀ ಅಭ್ಯಾಸನಾ, ಇಲ್ಲ ಲೆಕ್ಕಕ್ಕೂ ಸಿಗುತ್ತದಾ?

ಧಾರವಾಡ_ಫಿಸಿಯೋ

ಲೆಕ್ಕಕ್ಕೆ ಸಿಕ್ಕಿದೆ ಅಕ್ಕಾ. ಕೀನ್ಯಾದ ಲುವೊ ಮತ್ತು ಕಿಕುಯು ಹೆಂಗಸರ ಮೇಲೆ ನಡೆಸಿದ ಅಧ್ಯಯನ 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ನಡೆಯುವಾಗ ಅವರು ಬಳಸುವ ಆಮ್ಲಜನಕ ಅಳೆದರು. ತಮ್ಮ ತೂಕದ ನೂರಕ್ಕೆ 20ರಷ್ಟು ಹೊರೆ ಹೊತ್ತಾಗಲೂ ಬರಿಗೈಯಲ್ಲಿ ನಡೆದಾಗ ಬೇಕಾದಷ್ಟೇ ಆಮ್ಲಜನಕ ಸಾಕಾಯಿತು!

ಕಾರಣ 1995ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿದೆ. ನಡೆಯುವಾಗ ನಮ್ಮ ಮೈ ಪ್ರತಿ ಹೆಜ್ಜೆಗೂ ಚೂರು ಏರಿ ಇಳಿಯುತ್ತದೆ. ಏರುವಾಗ ವೇಗ ಕಮ್ಮಿಯಾಗಿ ಚಲನ ಶಕ್ತಿ ಪ್ರಚ್ಛನ್ನ ಶಕ್ತಿ, ಅಂದರೆ ಎತ್ತರದಿಂದ ಬರುವ ಶಕ್ತಿ, ಆಗುತ್ತದೆ. ಇಳಿಯುವಾಗ ಅದೇ ವಾಪಸ್ ಬರುತ್ತದೆ. ಆದರೆ ಪೂರ್ತಿ ವಾಪಸ್ ಬರುವುದಿಲ್ಲ, ಉಳಿದಿದ್ದನ್ನು ಸ್ನಾಯು ತುಂಬಿಕೊಡಬೇಕು. ಆ ಹೆಂಗಸರು ಹೊರೆ ಹೊತ್ತಾಗ ಈ ಅದಲುಬದಲು ಇನ್ನೂ ಚೆನ್ನಾಗಿ ನಡೆಯುತ್ತಿತ್ತು, ಸ್ನಾಯುವಿಗೆ ತುಂಬಿಕೊಡುವ ಕೆಲಸ ಕಮ್ಮಿ ಬೀಳುತ್ತಿತ್ತು. ಚಿಕ್ಕಂದಿನಿಂದ ಹೊತ್ತವರಿಗೆ ಮೈಗೂಡಿದ ನಡಿಗೆ ಅದು. ಸುಮ್ನೆ ಇವತ್ತು ಹೊತ್ತು ನಾಳೆ ಬರುವಂಥದ್ದಲ್ಲ.

ಪಂಪ್_ಮೋಟರ್

ನಾನು ಬೋರ್‌ವೆಲ್ ಮೋಟರ್ ಇಳಿಸುವ, ಎತ್ತುವ ಕಸುಬಿನವನು. ಈ ಕೆಲಸದ ಲೆಕ್ಕ ದಿನಾ ನಮ್ಮ ಮುಂದೆ ಬರುತ್ತದೆ. "5 ಎಚ್‌ಪಿ ಮೋಟರ್ ಹಾಕಿಸಿದ್ದೇನೆ, ಪಕ್ಕದ ತೋಟದವನದ್ದೂ 5 ಎಚ್‌ಪಿ, ಅವನಿಗೆ ನೀರು ಜಾಸ್ತಿ, ನನಗೆ ಕಮ್ಮಿ, ಮೋಟರ್ ಡೂಪ್ಲಿಕೇಟಾ?" ಅಂತ ರೈತರು ಕೇಳುತ್ತಾರೆ. ಮೋಟರ್ ಸರಿಯಾಗೇ ಇರುತ್ತದೆ. ನೀರು ಇರುವ ಆಳ ಬೇರೆ ಅಷ್ಟೇ. ಮೇಷ್ಟ್ರು ಒಂದು ಸಲ ಲೆಕ್ಕ ಹಾಕಿ ಕೊಟ್ಟರೆ ಪ್ರಿಂಟ್ ಹಾಕಿಸಿ ಅಂಗಡಿಯಲ್ಲಿ ಅಂಟಿಸುತ್ತೇನೆ.

ಹಾಸನದ_ಮೇಷ್ಟ್ರು

ಖುಷಿಯಿಂದ.

ನೀರಿನ ಮಟ್ಟ 400 ಅಡಿ ಕೆಳಗೆ ಅಂದುಕೊಳ್ಳಿ, ಅಂದರೆ 122 ಮೀಟರ್. 1,000 ಲೀಟರ್ ನೀರು 1,000 ಕೆಜಿ. ಅದನ್ನು ಮೇಲೆ ತರಲು ಕನಿಷ್ಠ 1,000 × 9.8 × 122, ಅಂದರೆ ಸುಮಾರು 12 ಲಕ್ಷ ಜೂಲ್ ಬೇಕು. ಕರೆಂಟಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಹಾಗಾಗಿ 1,000 ಲೀಟರಿಗೆ ಒಂದು ಯೂನಿಟ್ಟಿನ ಮೂರನೇ ಒಂದು ಪಾಲು. ಯಾವ ಕಂಪನಿಯ ಪಂಪ್ ಹಾಕಿದರೂ ಇದಕ್ಕಿಂತ ಕಮ್ಮಿಗೆ ಬರುವುದಿಲ್ಲ.

ಈಗ ಎಚ್‌ಪಿ. ಒಂದು ಎಚ್‌ಪಿ 746 ವಾಟ್, ಅಂದರೆ ಸೆಕೆಂಡಿಗೆ 746 ಜೂಲ್. 5 ಎಚ್‌ಪಿ ಮೋಟರ್ ತನ್ನ ತಿರುಗುವ ಶಾಫ್ಟಿಗೆ ಕೊಡುವುದು ಸೆಕೆಂಡಿಗೆ 3,730 ಜೂಲ್. ಪಂಪಿನ ದಕ್ಷತೆ ನೂರಕ್ಕೆ 50 ಅಂತಿಟ್ಟುಕೊಂಡರೆ ನೀರಿಗೆ ಸೇರುವುದು 1,865. ಒಂದು ಲೀಟರನ್ನು 122 ಮೀಟರ್ ಎತ್ತಲು 1,196 ಜೂಲ್ ಬೇಕು. ಭಾಗಿಸಿದರೆ ಸೆಕೆಂಡಿಗೆ ಸುಮಾರು ಒಂದೂವರೆ ಲೀಟರ್, ಗಂಟೆಗೆ 5,600 ಲೀಟರ್.

ನೀರು 800 ಅಡಿಗೆ ಇಳಿದರೆ? ಅದೇ 5 ಎಚ್‌ಪಿಗೆ, ಅದೇ ದಕ್ಷತೆ ಸಿಕ್ಕರೂ, ಗಂಟೆಗೆ 2,800 ಲೀಟರ್. ಮೋಟರ್ ಸೆಕೆಂಡಿಗೆ ಕೊಡುವ ಜೂಲ್ ಬದಲಾಗಲಿಲ್ಲ. ಒಂದೊಂದು ಲೀಟರೂ ಕೇಳುವ ಜೂಲ್ ಎರಡರಷ್ಟಾಯಿತು.

ಪಂಪ್_ಮೋಟರ್

ಅಂಗಡಿಗೆ ಇದೇ ಬೇಕಿತ್ತು ಸರ್. ಇದಕ್ಕೆ ನನ್ನದೂ ಎರಡು ಮಾತು ಸೇರಿಸುತ್ತೇನೆ.

ಮೋಟರ್ ಇಳಿಸಿದ ಆಳವನ್ನು ಲೆಕ್ಕಕ್ಕೆ ಹಿಡಿಯಬೇಡಿ, ನೀರು ನಿಂತಿರುವ ಮಟ್ಟ ಹಿಡಿಯಿರಿ. ಮೋಟರ್ 600 ಅಡಿಯಲ್ಲಿದ್ದರೂ ನೀರು 400 ಅಡಿಯಲ್ಲಿದ್ದರೆ ಆ 200 ಅಡಿ ನೀರೇ ಕೆಳಗಿನಿಂದ ಒತ್ತಡ ಕೊಡುತ್ತದೆ. ಆದರೆ ಪಂಪ್ ಓಡುತ್ತಾ ಇದ್ದಂತೆ ಮಟ್ಟ ಇಳಿಯುತ್ತದೆ. ಬೆಳಗ್ಗೆ ಸ್ಟಾರ್ಟರ್ ಒತ್ತಿದಾಗ ಬಂದ ನೀರು ಒಂದು ಗಂಟೆ ಬಿಟ್ಟು ಬರದೇ ಇರುವುದು ಅದಕ್ಕೇ.

ಇನ್ನೊಂದು, ಪೈಪು. ದುಡ್ಡು ಉಳಿಸಲು ಸಣ್ಣ ಪೈಪು ಹಾಕಿಸುತ್ತಾರೆ. ಸಣ್ಣ ಪೈಪಿನಲ್ಲಿ ನೀರು ಜೋರಾಗಿ ಓಡಬೇಕು, ಗೋಡೆಗೆ ಉಜ್ಜುವುದು ಜಾಸ್ತಿ. ನೀರಿನ ವೇಗ ಎರಡರಷ್ಟಾದರೆ ಉಜ್ಜಿ ಹೋಗುವ ಒತ್ತಡ ಹತ್ತಿರ ಹತ್ತಿರ ನಾಲ್ಕರಷ್ಟಾಗುತ್ತದೆ. ತೋಟದ ತುದಿಯವರೆಗೆ ಉದ್ದ ಲೈನ್ ಇದ್ದರೆ, ಮಧ್ಯೆ ಮಧ್ಯೆ ಎಲ್ಬೋ (ಪೈಪು ತಿರುಗಿಸುವ ಜೋಡಣೆ) ಇದ್ದರೆ ಇನ್ನೂ ಕಷ್ಟ. ಪೈಪು ಒಂದು ಸಲದ ಖರ್ಚು. ಉಜ್ಜಿ ಹೋಗುವ ಕರೆಂಟು ದಿನಾ ಖರ್ಚು.

ಬೈಕ್_ಸವಾರಿ

ಎತ್ತಲು ಇಷ್ಟು ಬೇಕು ಅಂದರೆ ಬೀಳುವಾಗ ಅಷ್ಟೂ ವಾಪಸ್ ಬರಬೇಕಲ್ವಾ? ಜೋಗದಲ್ಲಿ ಬೀಳುವ ನೀರಿನ ಶಕ್ತಿ ಎಲ್ಲಿ ಹೋಗುತ್ತದೆ?

ಸಾಗರದವಳು

ಜೋಗದ ಮಾತು ಬಂದ ಮೇಲೆ ನಾನು ಸುಮ್ಮನಿರಲಾರೆ. ಇದರ ಹಿಂದೆ ಒಂದು ಸೊಗಸಾದ ಕಥೆ ಇದೆ.

ನೀವೆಲ್ಲ ಜೂಲ್ ಜೂಲ್ ಅನ್ನುತ್ತಿದ್ದೀರಲ್ಲ, ಆ ಜೇಮ್ಸ್ ಪ್ರೆಸ್ಕಾಟ್ ಜೂಲ್ ಇಂಗ್ಲೆಂಡಿನ ಸಾಲ್ಫರ್ಡಿನವರು. ಮನೆಯವರದ್ದು ಬಿಯರ್ ತಯಾರಿಸುವ ವ್ಯವಹಾರ. ನೀರು ತುಂಬಿದ ಪಾತ್ರೆಯೊಳಗೆ ತಿರುಗುವ ರೆಕ್ಕೆಗಳನ್ನು ಇಟ್ಟು, ಕೆಳಗಿಳಿಯುವ ತೂಕದ ಕಲ್ಲುಗಳಿಂದ ಅವನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಅಂತ ಅಳೆದರು. ತೂಕ ಇಳಿದಷ್ಟೂ ನೀರು ಬಿಸಿ. ಇಳಿದ ಎತ್ತರಕ್ಕೂ ಬಂದ ಬಿಸಿಗೂ ಪಕ್ಕಾ ಲೆಕ್ಕ. ಏರಿದ ಬಿಸಿ ಎಷ್ಟು ಸಣ್ಣದು ಅಂದರೆ ಆಗಿನ ಎಷ್ಟೋ ವಿಜ್ಞಾನಿಗಳು ನಂಬಲೇ ಇಲ್ಲ.

1845ರಲ್ಲಿ ಅವರು ಒಂದು ಪತ್ರದಲ್ಲಿ ಬರೆದರು: ನೀರು 817 ಅಡಿ ಎತ್ತರದಿಂದ ಬಿದ್ದರೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಆಗಬೇಕು. 160 ಅಡಿಯ ನಯಾಗರಾದಲ್ಲಿ ಒಂದು ಡಿಗ್ರಿಯ ಐದನೇ ಒಂದು ಪಾಲು. ಈಗ ನಮ್ಮ ಜೋಗ ನೋಡಿ. ರಾಜ ಬೀಳುವುದು 253 ಮೀಟರ್, ಅಂದರೆ 830 ಅಡಿ! ಜೂಲ್ ಕಾಗದದ ಮೇಲೆ ಬರೆದ ಎತ್ತರ ಹೆಚ್ಚುಕಮ್ಮಿ ಶರಾವತಿಯಲ್ಲೇ ಇದೆ. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ಆದ ಸಂತೋಷ ಹೇಳತೀರದು.

ನಮ್ಮ ಈಗಿನ ಅಳತೆಯಲ್ಲಿ: ಒಂದು ಲೀಟರ್ ನೀರು 253 ಮೀಟರ್ ಬಿದ್ದರೆ 2,479 ಜೂಲ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4,190 ಜೂಲ್ ಬೇಕು. ಭಾಗಿಸಿದರೆ 0.59 ಡಿಗ್ರಿ. ಅಷ್ಟು ಎತ್ತರದಿಂದ ಬಿದ್ದ ನೀರಿಗೆ ಅರ್ಧ ಡಿಗ್ರಿ ಚಿಲ್ಲರೆ ಬಿಸಿ ಅಷ್ಟೇ.

ಬೈಕ್_ಸವಾರಿ

ಅಂದರೆ ಥರ್ಮಾಮೀಟರ್ ಹಿಡಿದು ಕೆಳಗಿಳಿದರೆ ಸಿಗುತ್ತದಾ?

ಹಾಸನದ_ಮೇಷ್ಟ್ರು

ಸಿಗುವುದು ಕಷ್ಟ. ಜೂಲ್ ಕೂಡ 1847ರಲ್ಲಿ, ಮದುವೆಯಾದ ಹೊಸದರಲ್ಲಿ, ಆಲ್ಪ್ಸ್ ಕಡೆ ಹೋದಾಗ ಜಲಪಾತದ ಬಿಸಿ ಅಳೆಯಲು ನೋಡಿದರು. ನೀರು ತುಂತುರಾಗಿ ಒಡೆದು ಹೋಗುತ್ತಿತ್ತು, ಅಳತೆ ಕೂಡಿ ಬರಲಿಲ್ಲ.

ಜೋಗದಲ್ಲೂ ಅದೇ ತೊಂದರೆ. ಗಾಳಿ ಇಲ್ಲದಿದ್ದರೆ 253 ಮೀಟರ್ ಬಿದ್ದ ನೀರು ತಳ ಮುಟ್ಟುವಾಗ ಸೆಕೆಂಡಿಗೆ 70 ಮೀಟರ್ ವೇಗದಲ್ಲಿರಬೇಕು, ಗಂಟೆಗೆ ಸುಮಾರು 250 ಕಿಲೋಮೀಟರ್. ಆದರೆ ಒಡೆದ ಹನಿಗೆ ಗಾಳಿ ಅಡ್ಡ ಬರುತ್ತದೆ. ದೊಡ್ಡ ಮಳೆಹನಿ ಕೂಡ ಸೆಕೆಂಡಿಗೆ 9 ಮೀಟರ್ ದಾಟುವುದು ಕಷ್ಟ. ಆ ವೇಗಕ್ಕೆ ಬಂದ ಮೇಲೆ ಹನಿಯ ಮೇಲೆ ಗುರುತ್ವದ ಬಲವೂ ಗಾಳಿಯ ತಡೆಯೂ ಸಮ. ಆಮೇಲೆ ಇಳಿಯುವ ಪ್ರತಿ ಮೀಟರಿನ ಶಕ್ತಿ ದಾರಿಯಲ್ಲೇ ಗಾಳಿಗೂ ಹನಿಗೂ ಶಾಖವಾಗಿ ಹೋಗುತ್ತದೆ. ಅದರ ಜೊತೆ ಹನಿಯ ಮೈಯಿಂದ ನೀರು ಆವಿಯಾಗುತ್ತದೆ, ಆವಿ ಹೋಗುವಾಗ ತಂಪು ಮಾಡುತ್ತದೆ. ಹಾಗಾಗಿ ಕೆಳಗೆ ನಿಂತವರಿಗೆ ತಣ್ಣಗೇ ಅನಿಸುತ್ತದೆ.

ಸಾಗರದವಳು

ಅದೇ ನೀರನ್ನು ಕೊಳವೆಯಲ್ಲಿ ಇಳಿಸಿದರೆ ಗಾಳಿಗೆ ಹೋಗುವ ಶಕ್ತಿ ಟರ್ಬೈನ್ ಚಕ್ರಕ್ಕೆ ಹೋಗುತ್ತದೆ. ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಿಂದ ಮಾಡುತ್ತಿರುವುದು ಇದನ್ನೇ. ಆಮೇಲೆ ಬಂದ ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ ಹತ್ತು ಯಂತ್ರಗಳಿವೆ, ಒಟ್ಟು 1,035 ಮೆಗಾವಾಟ್. ಎಲ್ಲವೂ ಪೂರ್ತಿ ಓಡಿದರೆ ಗಂಟೆಗೆ 10 ಲಕ್ಷ ಯೂನಿಟ್ಟಿಗಿಂತ ಜಾಸ್ತಿ. ಪಂಪ್ ಅಣ್ಣನ ತೋಟದಲ್ಲಿ ನೀರು ಮೇಲೇರಿಸುವ ಕರೆಂಟಿನಲ್ಲಿ ಸ್ವಲ್ಪ ಇಲ್ಲಿ ಕೆಳಗಿಳಿದ ನೀರಿನದ್ದೇ.

ಈ ಕರೆಂಟಿಗಾಗಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು, ಗದ್ದೆ ಬಿಟ್ಟು ಬಂದವರು ನಮ್ಮ ಕಡೆ ಮನೆಮನೆಯಲ್ಲಿ ಇದ್ದಾರೆ. ಶಕ್ತಿಯ ಲೆಕ್ಕ ಹೇಳುವಾಗ ಅವರನ್ನು ಬಿಟ್ಟು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಘಾಟಿ_ಡ್ರೈವರ್

ಎಲ್ಲ ಓದಿದೆ. ನನ್ನದೊಂದು ಪ್ರಶ್ನೆ. ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿಯಬಾರದು, ಸಣ್ಣ ಗೇರಿನಲ್ಲಿ ಇಳಿಯಬೇಕು ಅಂತ ನಮಗೆ ಹಿರಿಯರು ಕಲಿಸಿದ್ದು. ಹೊಸ ಹುಡುಗರು ಮಾತು ಕೇಳುವುದಿಲ್ಲ. ಅವರಿಗೆ ತೋರಿಸಲು ಇದರ ಲೆಕ್ಕ ಕೊಡಿ.

ಹಾಸನದ_ಮೇಷ್ಟ್ರು

ಇದು ಪ್ರಾಣದ ವಿಷಯ, ಪೂರ್ತಿ ಬರೆಯುತ್ತೇನೆ.

10 ಟನ್ ಬಸ್ಸು, ಘಾಟಿಯ ತಲೆಯಿಂದ ಬುಡಕ್ಕೆ 500 ಮೀಟರ್ ಎತ್ತರ ಇಳಿಯುತ್ತದೆ ಅಂತಿಟ್ಟುಕೊಳ್ಳಿ. 10,000 × 9.8 × 500 = 4 ಕೋಟಿ 90 ಲಕ್ಷ ಜೂಲ್. ತಿರುವು ಎಷ್ಟೇ ಇರಲಿ, ರಸ್ತೆ ಎಷ್ಟೇ ಉದ್ದ ಇರಲಿ, ಈ ಮೊತ್ತ ಬದಲಾಗುವುದಿಲ್ಲ. ಎತ್ತರ ಒಂದೇ ಲೆಕ್ಕಕ್ಕೆ ಬರುತ್ತದೆ. ಬಸ್ಸಿನ ವೇಗ ಏರಬಾರದು ಅಂದರೆ ಇದಿಷ್ಟೂ ಎಲ್ಲಾದರೂ ಶಾಖವಾಗಿ ಹೋಗಲೇಬೇಕು.

20 ನಿಮಿಷದಲ್ಲಿ ಇಳಿದರೆ ಸೆಕೆಂಡಿಗೆ ಸುಮಾರು 41,000 ಜೂಲ್. ಅಂದರೆ 2,000 ವಾಟಿನ ಇಪ್ಪತ್ತು ಗೀಸರ್ ಒಟ್ಟಿಗೆ ಹಾಕಿದಷ್ಟು ಬಿಸಿ, ಇಪ್ಪತ್ತು ನಿಮಿಷ. ಬರೀ ಬ್ರೇಕಿನಲ್ಲೇ ಇಳಿದರೆ ಬಹುಪಾಲು ಚಕ್ರಗಳ ಬ್ರೇಕ್ ಡ್ರಮ್ಮಿಗೆ ಸೇರುತ್ತದೆ. ಡ್ರಮ್ಮುಗಳ ಕಬ್ಬಿಣ ಎಲ್ಲ ಸೇರಿ 200 ಕೆಜಿ ಅಂತಿಟ್ಟುಕೊಳ್ಳಿ. ಗಾಳಿಗೆ ಏನೂ ಹೋಗದಿದ್ದರೆ ಅದರ ಬಿಸಿ 500 ಡಿಗ್ರಿಗಿಂತ ಜಾಸ್ತಿ ಏರುತ್ತದೆ. ಗಾಳಿ ಸ್ವಲ್ಪ ತಣಿಸುತ್ತದೆ ನಿಜ, ಆದರೆ ಘಾಟಿಯಲ್ಲಿ ಬಸ್ಸು ನಿಧಾನ, ಗಾಳಿಯೂ ಕಮ್ಮಿ. ಡ್ರಮ್ಮಿಗೆ ಉಜ್ಜಿ ತಡೆಯುವ ಲೈನರ್ ಕಾದರೆ ಹಿಡಿತ ಬಿಡುತ್ತದೆ. ಪೆಡಲ್ ಎಷ್ಟು ಒತ್ತಿದರೂ ಬಸ್ಸು ನಿಲ್ಲುವುದಿಲ್ಲ.

ಸಣ್ಣ ಗೇರಿನಲ್ಲಿ ಇಳಿದರೆ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ ಒಳಗಿನ ಘರ್ಷಣೆ, ಗಾಳಿ ಎಳೆದು ಒತ್ತಿ ಹೊರಗೆ ನೂಕುವ ಶ್ರಮ, ಎಲ್ಲಕ್ಕೂ ಶಕ್ತಿ ಬಸ್ಸಿನಿಂದಲೇ ಹೋಗುತ್ತದೆ. ಆ ಶಾಖವನ್ನು ರೇಡಿಯೇಟರ್ ಮತ್ತು ಸೈಲೆನ್ಸರ್ ಹೊರಗೆ ಹಾಕುತ್ತವೆ. ಅವನ್ನು ಕಟ್ಟಿರುವುದೇ ಗಂಟೆಗಟ್ಟಲೆ ಶಾಖ ಹೊರಹಾಕಲು. ಬ್ರೇಕನ್ನು ಕಟ್ಟಿರುವುದು ಆಗಾಗ ನಿಲ್ಲಿಸಲು. ನ್ಯೂಟ್ರಲ್‌ನಲ್ಲಿ ಇಳಿಯುವವರು ಡೀಸೆಲ್ ಉಳಿಯಿತು ಅಂದುಕೊಂಡು ಇಡೀ 4 ಕೋಟಿ 90 ಲಕ್ಷ ಜೂಲನ್ನು ಬ್ರೇಕಿನ ಮೇಲೆ ಹಾಕುತ್ತಿದ್ದಾರೆ. ಅವರನ್ನು ಹಿಡಿದು ನಿಲ್ಲಿಸಿ ಹೇಳಿ.

ವೇಗದ ಬಗ್ಗೆಯೂ ಹೇಳಿ. ಚಲನ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 40ರಲ್ಲಿ 9 ಮೀಟರಿಗೆ ನಿಲ್ಲುವ ಗಾಡಿ, ಅದೇ ರಸ್ತೆ ಅದೇ ಬ್ರೇಕಿನಲ್ಲಿ, 80ರಲ್ಲಿ 36 ಮೀಟರ್ ಕೇಳುತ್ತದೆ.

ಕೆಂಪುಮಣ್ಣು

ಮಗಳ ಇನ್ನೊಂದು ಪ್ರಶ್ನೆ ಇದೆ ಸರ್. ಮೂಟೆ ಇಳಿಸುವಾಗ 735 ಜೂಲ್ ತಾತನಿಗೆ ವಾಪಸ್ ಬರುತ್ತದಾ ಅಂತ.

ಹಾಸನದ_ಮೇಷ್ಟ್ರು

ಮೂಟೆಯಿಂದ ತಾತನ ಮೈಗೆ ಬರುತ್ತದೆ, ಆದರೆ ಅನ್ನವಾಗಿ ವಾಪಸ್ ಆಗುವುದಿಲ್ಲ. ಮೆಲ್ಲಗೆ ಇಳಿಸುವಾಗ ಸ್ನಾಯು ಮೂಟೆಯನ್ನು ತಡೆದು ಹಿಡಿಯುತ್ತದೆ, ಆ 735 ಜೂಲ್ ಹೆಚ್ಚುಕಮ್ಮಿ ಪೂರ್ತಿ ಶಾಖವಾಗುತ್ತದೆ. ಘಾಟಿ ಇಳಿಯುವ ಬಸ್ಸಿನ ಬ್ರೇಕಿನ ಹಾಗೇ. ಬ್ಯಾಟರಿ ಬಸ್ಸುಗಳು ಮಾತ್ರ ಇಳಿಜಾರಿನಲ್ಲಿ ತಮ್ಮ ಮೋಟರನ್ನೇ ಜನರೇಟರ್ ಮಾಡಿಕೊಂಡು ಒಂದು ಪಾಲನ್ನು ಬ್ಯಾಟರಿಗೆ ವಾಪಸ್ ತುಂಬಿಕೊಳ್ಳುತ್ತವೆ. ಮುಂದಿನ ವಾರ ಅವಳಿಗೆ ಸಾಮರ್ಥ್ಯದ, ಅಂದರೆ ಸೆಕೆಂಡಿಗೆ ಎಷ್ಟು ಜೂಲ್ ಅನ್ನುವ, ಪಾಠ ಬರುತ್ತದೆ. ಮನೆ ಮೆಟ್ಟಿಲು ಹತ್ತಿಸಿ, ವಾಚಿನಲ್ಲಿ ಸೆಕೆಂಡ್ ನೋಡಿ, ಅವಳ ತೂಕ ಮತ್ತು ಮಹಡಿಯ ಎತ್ತರ ಹಾಕಿ ಅವಳು ಎಷ್ಟು ವಾಟ್ ಅಂತ ಅವಳಿಂದಲೇ ಲೆಕ್ಕ ಹಾಕಿಸಿ. ಉತ್ತರ ಇಲ್ಲಿ ಹಾಕಿ.